ಹೊಳೆಯಾಚೆಯ ಮದ್ದು

ಗಡಿಯೆಂದರೇನೆಂಬುದನ್ನು ಗಂಗಾವತಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1948ರವರೆಗೆ ನಮ್ಮ ದಂಡೆ ನಿಜಾಮರದು. ತುಂಗಭದ್ರೆಯಾಚೆಯ ಹೊಸಪೇಟೆ ಮದರಾಸಿಗೆ ಸೇರಿದ್ದು. ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಹಂಪೆಯ ಕಡೆ ಇಳಿದರೆ ಸರ್ಕಾರವೂ ಬೇರೆ, ನಾಣ್ಯವೂ ಬೇರೆ. ನಡುವೆ ಕರೋಡಗಿರಿಯ ಸುಂಕ. 1948ರಲ್ಲಿ ಭಾರತದಿಂದ ಸಂಸ್ಥಾನಕ್ಕೆ ಸರಕು ಸಾಗುವುದು ಬಿಗಿಯಾದಾಗ, ಔಷಧಗಳೂ ಬಾರದಾದುವೆಂದು ಹೈದರಾಬಾದಿನ ಸರ್ಕಾರ ದೂರಿಕೊಂಡಿತು. ರೋಗಕ್ಕಾದರೋ ಹೊಳೆ ದಾಟಲು ಯಾರ ರಹದಾರಿಯೂ ಬೇಕಿರಲಿಲ್ಲ.

ಮದ್ದಿಗೆ ಗಡಿ ಅಡ್ಡಬಂದ ಕಥೆ ಇದಕ್ಕೂ ಹಳೆಯದು. ಚಳಿಜ್ವರಕ್ಕೆ ಮದ್ದಾದ ಕ್ವಿನೈನು ಸಿಂಕೋನಾ ಮರದ ತೊಗಟೆಯಿಂದ ಬರುವುದು. ಆ ಮರದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಅಲ್ಲಿನ ರಾಜ್ಯಗಳು ಬೀಜವನ್ನು ಹೊರಗೆ ಬಿಡಬಾರದೆಂದು ಕಾವಲಿಟ್ಟವು. ಆದರೂ ಬೀಜ ಕಳ್ಳದಾರಿಯಲ್ಲಿ ಹೊರಬಿತ್ತು. ನೀಲಗಿರಿಯಲ್ಲಿ ಇಂಗ್ಲಿಷರು, ಜಾವಾದಲ್ಲಿ ಡಚ್ಚರು ತೋಟ ಬೆಳೆಸಿದರು. 1930ರ ದಶಕದ ಹೊತ್ತಿಗೆ ಜಗತ್ತಿನ ತೊಗಟೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಜಾವಾದ್ದೇ. 1942ರ ಮಾರ್ಚಿಯಲ್ಲಿ ಜಾವಾ ಜಪಾನೀಯರ ವಶವಾಯಿತು. ಒಂದು ದ್ವೀಪದ ಬಾಗಿಲು ಮುಚ್ಚಿದೊಡನೆ ಲೋಕಕ್ಕೆಲ್ಲ ಕ್ವಿನೈನಿನ ಬರ ಬಂತು. ನಮ್ಮ ನೀಲಗಿರಿ, ದಾರ್ಜಿಲಿಂಗುಗಳ ಬೆಳೆ ಈ ದೇಶಕ್ಕೇ ಸಾಲದು. ಮರುವರ್ಷ ಕ್ಷಾಮದಿಂದ ಬಳಲಿದ ಬಂಗಾಳದಲ್ಲಿ ಚಳಿಜ್ವರದಿಂದ ಸತ್ತವರು ಅಸಂಖ್ಯರು.

ಆ ಪಾಠ ಮರೆತುಹೋಗಿತ್ತೆಂಬುದು 2020ರಲ್ಲಿ ತಿಳಿಯಿತು. ಕೊರೋನಾ ಬಂದೊಡನೆ ದೇಶದೇಶಗಳು ಮುಖಗವಸು, ಮದ್ದುಗಳ ರಫ್ತನ್ನು ತಡೆದವು. ಭಾರತವೂ ಜನವರಿ 31ರಂದು ಮುಖಗವಸುಗಳನ್ನು, ಮಾರ್ಚಿ 25ರಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು ತಡೆಯಿತು. ಅಮೆರಿಕ ಕೇಳಿಕೊಂಡ ಮೇಲೆ ಏಪ್ರಿಲಿನಲ್ಲಿ ಗುಳಿಗೆಯ ತಡೆಯನ್ನು ಸಡಿಲಿಸಿತು. ಗುಳಿಗೆ ನಮ್ಮದೆಂದರೂ, ನಮ್ಮ ಔಷಧ ಕಾರ್ಖಾನೆಗಳು ಹೊರಗಿನಿಂದ ತರಿಸುವ ಮೂಲದ್ರವ್ಯಗಳಲ್ಲಿ ಸುಮಾರು ಮೂರರಲ್ಲೆರಡು ಪಾಲು ಚೀನಾದ್ದು. ಕೊನೆಗೆ ಆ ಗುಳಿಗೆ ಕೊರೋನಾಕ್ಕೆ ನಾಟದೆಂದು ಪರೀಕ್ಷೆಗಳಿಂದ ಸಿದ್ಧವಾಯಿತು. ಅಷ್ಟರಲ್ಲಿ ಅದನ್ನೇ ನಂಬಿದ್ದ ಸಂಧಿವಾತದ ರೋಗಿಗಳು ಹಲವು ದೇಶಗಳಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದಿದ್ದರು.

ಮರುವರ್ಷ ಗಡಿಯ ಜಗಳ ಮನೆಯೊಳಕ್ಕೇ ಬಂತು. ಈ ಸಲ ಕೊರತೆಯಾದುದು ಆಮ್ಲಜನಕ. ಕೆಲವು ರಾಜ್ಯಗಳು ತಮ್ಮಲ್ಲಿ ತಯಾರಾದುದನ್ನು ಹೊರಗೆ ಬಿಡಲು ಹಿಂಜರಿದವು. ಸಾಗಾಟವನ್ನು ಯಾರೂ ತಡೆಯಕೂಡದೆಂದು ಕೇಂದ್ರ ಸರ್ಕಾರ 2021ರ ಏಪ್ರಿಲ್ 22ರಂದು ಆಜ್ಞೆ ಮಾಡಿ, ಪಾಲು ಹಂಚುವುದನ್ನು ತಾನೇ ವಹಿಸಿಕೊಂಡಿತು. ನಮ್ಮ ಹೊಳೆಯಾಚೆ, ಹೊಸಪೇಟೆಗೆ ಅನತಿದೂರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಮ್ಲಜನಕ ಹೊರರಾಜ್ಯಗಳಿಗೂ ಹೋಯಿತು. ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತರು. ಮೇ 5ರಂದು ಕರ್ನಾಟಕದ ಉಚ್ಚ ನ್ಯಾಯಾಲಯ, ರಾಜ್ಯದ ದಿನದ ಪಾಲನ್ನು 965 ಟನ್ನಿನಿಂದ 1,200 ಟನ್ನಿಗೆ ಏರಿಸಬೇಕೆಂದಿತು. ಎರಡು ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ನಮ್ಮ ಬಳ್ಳಾರಿಯ ಗಾಳಿ ನಮಗೇ ಇರಲಿ ಎಂದು ಅಂದು ಹಲವರು ಆಡಿಕೊಂಡರು. ತನ್ನವರು ಉಸಿರಿಗಾಗಿ ಒದ್ದಾಡುವಾಗ ಹಾಗೆನಿಸುವುದು ಸಹಜ, ಅದನ್ನು ಹಳಿಯಲಾರೆ. ಆದರೆ ಎಲ್ಲರೂ ಹಾಗೆಯೇ ಎಂದರೆ, ಕಾರ್ಖಾನೆಯಿಲ್ಲದ ನಾಡಿನ ರೋಗಿ ಎಲ್ಲಿಗೆ ಹೋಗಬೇಕು? ಇಂದು ಕೊಡುವವನು ನಾಳೆ ಬೇಡುವವನೂ ಹೌದು. ಮದ್ದು ಒಂದೇ ದ್ವೀಪದಲ್ಲಿ, ಒಂದೇ ದೇಶದಲ್ಲಿ ಬೆಳೆಯದಂತೆ ನೋಡಿಕೊಳ್ಳುವುದು, ಕಣಜದಲ್ಲಿ ಭತ್ತವಿಟ್ಟಂತೆ ಅದನ್ನು ಕೂಡಿಡುವುದು, ಯಾರಿಗೆ ಎಷ್ಟೆಂಬ ಕರಾರನ್ನು ನೆಮ್ಮದಿಯ ದಿನಗಳಲ್ಲೇ ಬರೆದಿಡುವುದು—ಇವು ರೋಗವಿಲ್ಲದಾಗ ಮಾಡುವ ಕೆಲಸಗಳು. ಬಾಯಾರಿದಾಗ ಬಾವಿ ತೋಡಹೊರಟರೆ ನೀರು ಸಿಕ್ಕುವ ಹೊತ್ತಿಗೆ ಕುಡಿಯುವವನಿರುವುದಿಲ್ಲ.