ಉಯಿಲಿನ ಮನೆ, ಸೋರುವ ಮಾಡು

1897ರ ಆಗಸ್ಟ್ 7. ಪುಣೆಯ ಸರದಾರ ಬಾಬಾ ಮಹಾರಾಜ್ ಕಾಲರಾ ತಗುಲಿ ಕೊನೆಯುಸಿರೆಳೆಯುತ್ತಿದ್ದರು. ರಾಜದ್ರೋಹದ ಆರೋಪದಲ್ಲಿ ಬಂಧಿತರಾಗಿ, ಜಾಮೀನಿನ ಮೇಲೆ ಹೊರಬಂದು ಮೂರೇ ದಿನವಾಗಿದ್ದ ಬಾಲ ಗಂಗಾಧರ ತಿಲಕರು ಹಾಸಿಗೆಯ ಬಳಿ ಇದ್ದರು. ಅಂದೇ ಉಯಿಲು ಆಯಿತು. ಅದನ್ನು ಜಾರಿಗೆ ತರುವ ಹೊಣೆ ತಿಲಕ, ಖಾಪರ್ಡೆ ಮೊದಲಾದವರ ಹೆಗಲೇರಿತು. ಪತ್ನಿ ತಾಯಿ ಮಹಾರಾಜ್ ಆಗ ಗರ್ಭಿಣಿ. ಗಂಡುಮಗು ಹುಟ್ಟದಿದ್ದರೆ ಅಥವಾ ಹುಟ್ಟಿಯೂ ಉಳಿಯದಿದ್ದರೆ, ಹೊಣೆಗಾರರ ಒಪ್ಪಿಗೆಯಿಂದ ದತ್ತು ತೆಗೆದುಕೊಳ್ಳಬೇಕು ಎಂದಿತ್ತು.

ಮಗು ಹುಟ್ಟಿ ಎರಡು ತಿಂಗಳೊಳಗೆ ತೀರಿಕೊಂಡಿತು. 1901ರ ಜೂನ್‌ನಲ್ಲಿ ಔರಂಗಾಬಾದಿನಲ್ಲಿ ಜಗನ್ನಾಥನೆಂಬ ಹುಡುಗನ ದತ್ತು ನಡೆಯಿತು. ಮರುತಿಂಗಳೇ ತಾಯಿ ಮಹಾರಾಜ್ ಪ್ರೊಬೇಟ್ ರದ್ದುಪಡಿಸಲು ಅರ್ಜಿ ಹಾಕಿದರು. ಆಗಸ್ಟ್‌ನಲ್ಲಿ ಬೇರೊಬ್ಬ ಹುಡುಗನನ್ನು ದತ್ತು ಪಡೆದರು. ಜಿಲ್ಲಾ ನ್ಯಾಯಾಧೀಶ ಆಸ್ಟನ್ 1902ರಲ್ಲಿ ಪ್ರೊಬೇಟ್ ರದ್ದುಮಾಡಿದ್ದಲ್ಲದೆ, ತಿಲಕರ ಮೇಲೆ ಸುಳ್ಳುಸಾಕ್ಷಿಯ ಆರೋಪವನ್ನೂ ಹೊರಿಸಿದರು. ಕೆಳಕೋರ್ಟು ಶಿಕ್ಷೆ ವಿಧಿಸಿತು. 1904ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ದತ್ತಿನ ಸಿವಿಲ್ ವ್ಯಾಜ್ಯ ಮಾತ್ರ ಮುಂದುವರಿಯಿತು. 1910ರಲ್ಲಿ ಜಗನ್ನಾಥನ ವಿರುದ್ಧ ತೀರ್ಪಿತ್ತ ಮುಂಬಯಿ ಹೈಕೋರ್ಟಿನ ಪೀಠದಲ್ಲಿ ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ ಇದ್ದರು. 1915ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಿರುಗಿಸಿ ಜಗನ್ನಾಥನ ದತ್ತನ್ನು ಎತ್ತಿಹಿಡಿಯಿತು. ತಾಯಿ ಮಹಾರಾಜ್ 1903ರಲ್ಲೇ ತೀರಿಕೊಂಡಿದ್ದರು.

ಉಯಿಲಿನಿಂದ ಕೊನೆಯ ತೀರ್ಪಿಗೆ ಹದಿನೆಂಟು ಮಳೆಗಾಲ. ಕೋರ್ಟು ಕಾಯುತ್ತದೆ, ಮಳೆ ಕಾಯುವುದಿಲ್ಲ. ಪುಣೆಯ ವಾಡೆಗಳು ಕಲ್ಲಿನ ತಳಪಾಯದ ಮೇಲೆ ಮರದ ಕಂಬ, ತೊಲೆ, ಇಟ್ಟಿಗೆಗಳಿಂದ ಎದ್ದವು. ಮಾಡು ಸೋರಿದರೆ ನೀರು ತೊಲೆಗಿಳಿಯುತ್ತದೆ, ತೊಲೆ ಕೊಳೆತರೆ ಗೋಡೆ ಬಾಗುತ್ತದೆ. ವಾರಸುದಾರರು ಯಾರೆಂದೇ ತೀರ್ಮಾನವಾಗದ ಮನೆಗೆ ಹೆಂಚು ಹೊದಿಸುವವರು ಯಾರು?

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದಕ್ಕೆ ಉತ್ತರ ಹೇಳುತ್ತದೆ. 211ನೇ ಕಲಮಿನಂತೆ ಸತ್ತವರ ಆಸ್ತಿ ಎಕ್ಸಿಕ್ಯೂಟರ್ ಕೈಗೆ ಬರುತ್ತದೆ, ಆದರೆ ಪ್ರತಿನಿಧಿಯಾಗಿ ಮಾತ್ರ. 308ನೇ ಕಲಮು ಖರ್ಚನ್ನು ಎರಡಾಗಿ ಸೀಳುತ್ತದೆ: ಆಸ್ತಿಯ ಆರೈಕೆ, ನಿರ್ವಹಣೆಗೆ ಅಗತ್ಯವಾದದ್ದನ್ನು ಎಕ್ಸಿಕ್ಯೂಟರ್ ತಾನೇ ಖರ್ಚು ಮಾಡಬಹುದು, ಸುಧಾರಣೆಗಾದರೆ ಹೈಕೋರ್ಟಿನ ಅನುಮತಿ ಬೇಕು. ಒಡೆದ ಹೆಂಚು ಬದಲಿಸುವುದು ಆರೈಕೆ, ಮೇಲೊಂದು ಅಂತಸ್ತು ಎಬ್ಬಿಸುವುದು ಸುಧಾರಣೆ. ಹುಳು ತಿಂದ ಮರದ ಕಂಬ ತೆಗೆದು ಕಾಂಕ್ರೀಟಿನದನ್ನು ನಿಲ್ಲಿಸಿದರೆ? ಅಣ್ಣತಮ್ಮಂದಿರ ಜಗಳ ಶುರುವಾಗುವುದು ಇಲ್ಲೇ.

ಇದೇ ಕಾಯ್ದೆ ಮುಂಬಯಿ ನಗರದಲ್ಲಿ ಹಿಂದೂ ಉಯಿಲುಗಳಿಗೆ ಪ್ರೊಬೇಟನ್ನು ಕಡ್ಡಾಯ ಮಾಡಿತ್ತು. ಪುಣೆಯಲ್ಲಿ ಬರೆದ, ಪುಣೆಯ ಮನೆಗಷ್ಟೇ ಸಂಬಂಧಿಸಿದ ಉಯಿಲಿಗೆ ಆ ಕಟ್ಟು ಇರಲಿಲ್ಲ. ಆದರೂ ತಕರಾರೆದ್ದಾಗ ಜನ ಕೋರ್ಟಿಗೇ ಹೋದರು. ಅಲ್ಲಿಗೆ ಹೋಗುವ ಮುನ್ನ ಎಲ್ಲ ಪಾಲುದಾರರ ಲಿಖಿತ ಒಪ್ಪಿಗೆ ಪಡೆದು, ಬಿರುಕಿನ ಫೋಟೊ, ಮೇಸ್ತ್ರಿಯ ರಸೀದಿ ಜೋಡಿಸಿಟ್ಟುಕೊಂಡವರು ಮುಂದೆ ಲೆಕ್ಕ ಕೊಡಬಲ್ಲರು. ತೀರ್ಪು ಯಾರ ಕಡೆಗೇ ಬರಲಿ, ಅವರ ಕೈಗೆ ಒಪ್ಪಿಸಲು ಮನೆಯೂ ಉಳಿದಿರುತ್ತದೆ.