ಬೂಷ್ಟು ಕೊಂದದ್ದು ಗಡ್ಡೆಯನ್ನು

ಆಲೂಗಡ್ಡೆ ಬೆಳೆಯುವ ಹಾಸನ ಸೀಮೆಯ ಹೊಲಗಳಲ್ಲಿ ಒಂದು ರೋಗಕ್ಕೆ ಅಂಗಮಾರಿ ಅನ್ನುತ್ತಾರೆ. ಮೋಡ ಮುಚ್ಚಿ, ಜಡಿಮಳೆ ಹಿಡಿದು, ಥಂಡಿಗಾಳಿ ಬೀಸಿದರೆ ಸಾಕು, ನಾಲ್ಕಾರು ದಿನದಲ್ಲಿ ಹಸಿರು ಹೊಲ ಬೆಂಕಿ ಬಿದ್ದಂತೆ ಕರ್ರಗಾಗುತ್ತದೆ. ರೋಗದ ಹೆಸರಿನಲ್ಲೇ ಮಾರಿ ಇದ್ದಾಳೆ. ಊರಿಗೆ ಮಾರಿ ಬಂದಾಗ ಏನು ಮಾಡುತ್ತಿದ್ದರು ಅಂತ ನಮಗೆ ಗೊತ್ತು. ಕೋಣ ಕಡಿದು, ಮಾರಿಯನ್ನು ಹೊತ್ತು ಊರ ಗಡಿ ದಾಟಿಸುತ್ತಿದ್ದರು. ಹೊರುವ ಹೆಗಲು ಯಾವ ಕೇರಿಯದು ಅನ್ನುವುದೂ ಗೊತ್ತು.

ಹೊಲದಲ್ಲಿ ಸೊಂಟ ಬಗ್ಗಿಸಿ ದುಡಿದವರಿಗೆ ಬೆಳೆಯ ರೋಗಗಳು ಕಾಣದೆ ಇರಲಿಲ್ಲ. ಭತ್ತದ, ರಾಗಿಯ ಎಲೆ ಸುಟ್ಟಂತಾದರೆ ಬೆಂಕಿರೋಗ ಅಂದರು. ಜೋಳದ ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿದರೆ ಕಾಡಿಗೆ ಅಂದರು. ಅಡಿಕೆ ಕೊಳೆತು ಉದುರಿದರೆ ಕೊಳೆ ಅಂದರು. ಕಣ್ಣಿಗೆ ಕಂಡದ್ದಕ್ಕೆ ತಮ್ಮ ಬಾಯಿಗೆ ಬಂದ ಹೆಸರಿಟ್ಟರು. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಮೈಸೂರು ಸೀಮೆಯ ಕಾಫಿಗಿಡದ ರೋಗವೊಂದಕ್ಕೆ ಕಾರಣವಾದ ಬೂಷ್ಟಿಗೆ ಲ್ಯಾಟಿನ್ ಹೆಸರು ಕೊಡುವಾಗ 'ಕೊಳೆರೋಗ' ಎಂಬ ನಮ್ಮ ಮಾತನ್ನೇ ಎತ್ತಿಕೊಂಡ. ಆ ಮಾತು ವಿಜ್ಞಾನದ ಪುಸ್ತಕಗಳಲ್ಲಿ ಉಳಿಯಿತು. ಅದನ್ನು ಮೊದಲು ಆಡಿದವರು ಯಾರು ಅಂತ ಯಾವ ಪುಸ್ತಕದಲ್ಲೂ ಇಲ್ಲ.

ಆದರೆ ಗುರುತಿಸುವುದು ಒಂದು, ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಎಲೆ ಕಪ್ಪಾಯಿತು ಅನ್ನುವುದು ಗುರುತು. ಯಾಕೆ ಕಪ್ಪಾಯಿತು ಅನ್ನುವುದು ಪ್ರಶ್ನೆ. ಬೆಳೆ ಕಪ್ಪಾದರೆ ಸಾಯುವವರು ಯಾರು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಇದೇ ಅಂಗಮಾರಿ ಐರ್ಲೆಂಡ್ ಎಂಬ ದೇಶಕ್ಕೆ ಬಂದ ಚರಿತ್ರೆಯನ್ನು ನಾವು ಓದಬೇಕಾದದ್ದು ಈ ಎರಡು ಪ್ರಶ್ನೆಗಳಿಗಾಗಿ.

ಐರ್ಲೆಂಡ್ ಆಗ ಇಂಗ್ಲಿಷರ ಆಳ್ವಿಕೆಯಲ್ಲಿತ್ತು. ಭೂಮಿ ಧಣಿಗಳದು. ಎಷ್ಟೋ ಧಣಿಗಳು ಇಂಗ್ಲೆಂಡಿನಲ್ಲಿ ಕೂತು ಗೇಣಿ ತಿನ್ನುತ್ತಿದ್ದರು. ದುಡಿಯುವವನಿಗೆ ಸಿಗುತ್ತಿದ್ದದ್ದು ಒಂದು ಗುಡಿಸಲು, ಒಂದು ತುಂಡು ನೆಲ. ಅದಕ್ಕೆ ಅವನು ಧಣಿಯ ಹೊಲದಲ್ಲಿ ಗೇಯಬೇಕು. ಅಷ್ಟು ಸಣ್ಣ ನೆಲದಲ್ಲಿ ಒಂದು ಸಂಸಾರದ ಹೊಟ್ಟೆ ತುಂಬಿಸುವ ಬೆಳೆ ಆಲೂಗಡ್ಡೆ ಒಂದೇ. ದೇಶದಲ್ಲಿ ಓಟ್ಸ್ ಬೆಳೆಯುತ್ತಿತ್ತು, ಗೋಧಿ ಬೆಳೆಯುತ್ತಿತ್ತು, ಬೆಣ್ಣೆ ಇತ್ತು, ದನ ಇತ್ತು, ಹಂದಿ ಇತ್ತು. ಅವೆಲ್ಲ ಗೇಣಿಗೆ, ಮಾರಾಟಕ್ಕೆ. ಬಡವನಿಗೆ ಗಡ್ಡೆ. ಅದರಲ್ಲೂ ಹೆಚ್ಚಾಗಿ 'ಲಂಪರ್' ಎಂಬ ಒಂದೇ ತಳಿ. ಗಡ್ಡೆಯನ್ನೇ ಕೊಯ್ದು ಬಿತ್ತುವುದರಿಂದ ಒಂದು ಗಿಡದಂತೆಯೇ ಇನ್ನೊಂದು. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ.

1845ರ ಬೇಸಿಗೆಯಲ್ಲಿ ಬೆಲ್ಜಿಯಂನಲ್ಲಿ ಕಾಣಿಸಿಕೊಂಡ ರೋಗ ಸೆಪ್ಟೆಂಬರ್ ಹೊತ್ತಿಗೆ ಐರ್ಲೆಂಡಿಗೆ ಬಂತು. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಮಚ್ಚೆ. ಆಮೇಲೆ ಕಪ್ಪು. ಆಮೇಲೆ ಇಡೀ ಹೊಲದಿಂದ ಕೊಳೆತ ವಾಸನೆ. ಅಗೆದು ನೋಡಿದರೆ ಮಣ್ಣೊಳಗಿನ ಗಡ್ಡೆಯೂ ಕೊಳೆತಿತ್ತು. ಮಾರನೆಯ ವರ್ಷ, 1846ರಲ್ಲಿ, ಬೆಳೆ ಹೆಚ್ಚುಕಡಿಮೆ ಪೂರ್ತಿ ಹೋಯಿತು.

ಯಾಕೆ ಹೀಗಾಯಿತು? ಪಂಡಿತರು ಜಗಳಕ್ಕೆ ಕೂತರು. ಲಂಡನ್ನಿನ ದೊಡ್ಡ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ, ಮಳೆ ಹೆಚ್ಚಾಗಿ ಗಿಡ ಮಿತಿಮೀರಿ ನೀರು ಕುಡಿದು ಕೊಳೆಯಿತು ಅಂದ. ಎಲೆಯ ಮೇಲೆ ಬೂಷ್ಟು ಕಾಣುತ್ತದಲ್ಲ ಅಂತ ಕೇಳಿದರೆ, ಕೊಳೆತದ್ದರ ಮೇಲೆ ಬೂಷ್ಟು ಬರುವುದು ಸಹಜ, ಅದು ಕೊಳೆಯ ಫಲ, ಕಾರಣವಲ್ಲ ಅನ್ನುವುದು ಅವನಂಥವರ ವಾದ. ಸರ್ಕಾರ ನೇಮಿಸಿದ ಸಮಿತಿಯಲ್ಲಿ ಲಿಂಡ್ಲಿಯೂ ಇದ್ದ. ಗಡ್ಡೆಗಳನ್ನು ಒಣಗಿಸಿ, ಗಾಳಿಯಾಡುವಂತೆ ಇಡಿ, ಕೆಟ್ಟದ್ದನ್ನು ತುರಿದು ಹಿಟ್ಟು ತೆಗೆಯಿರಿ ಅಂತ ಸಮಿತಿ ರೈತರಿಗೆ ಬೋಧಿಸಿತು. ಒಣಗಿಸಿಟ್ಟ ಗಡ್ಡೆಯೂ ಕೊಳೆಯಿತು.

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬರ್ಕ್ಲಿ ಅಂತ ಒಬ್ಬ ಪಾದ್ರಿ ಇದ್ದ. ಬೂಷ್ಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂರುವುದು ಅವನ ಹುಚ್ಚು. ಕೊಳೆಯಿಂದ ಬೂಷ್ಟು ಬಂದದ್ದಲ್ಲ, ಬೂಷ್ಟಿನಿಂದ ಕೊಳೆ ಬಂತು ಅಂತ 1846ರಲ್ಲಿ ಅವನು ಬರೆದ. ಹೆಚ್ಚಿನವರು ನಂಬಲಿಲ್ಲ. ಜರ್ಮನಿಯ ಡಿ ಬಾರಿ 1861ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದ. ಆ ಬೂಷ್ಟಿನ ಬೀಜಕಣಗಳನ್ನು ಒಳ್ಳೆಯ ಗಿಡದ ಮೇಲೆ ಹಾಕಿದರೆ ರೋಗ ಬಂತು, ಹಾಕದ ಗಿಡ ನೆಟ್ಟಗೆ ಉಳಿಯಿತು. 1876ರಲ್ಲಿ ಅವನೇ ಅದಕ್ಕೆ 'ಫೈಟಾಫ್ತೊರಾ' ಅಂತ ಹೆಸರಿಟ್ಟ. ಗಿಡ ನಾಶಮಾಡುವುದು ಅಂತ ಅದರ ಅರ್ಥ. ಅದು ನಿಜವಾದ ಶಿಲೀಂಧ್ರ ಕೂಡ ಅಲ್ಲ, ನೀರಿನ ಪಾಚಿಗಳ ಕಡೆಯ ದೂರದ ನೆಂಟ ಅಂತ ಇಂದಿನ ವಿಜ್ಞಾನ ಹೇಳುತ್ತದೆ. ಲಿಂಡ್ಲಿ ಹೇಳಿದ ಮಳೆಯೂ ಪೂರ್ತಿ ಸುಳ್ಳಲ್ಲ. ಎಲೆ ಒದ್ದೆಯಿಲ್ಲದೆ ಆ ಕಣ ಮೊಳೆಯುವುದಿಲ್ಲ. ರೋಗಾಣು, ಅದಕ್ಕೆ ಬಗ್ಗುವ ಗಿಡ, ಅದಕ್ಕೆ ಒಗ್ಗುವ ಹವೆ, ಈ ಮೂರೂ ಕೂಡಿದರೆ ರೋಗ.

ಈ ಜಗಳ ನಮಗೆ ಹೊಸದಲ್ಲ. ನಿಮ್ಮ ಕೇರಿ ಕೊಳಕು, ಅದಕ್ಕೇ ಊರಾಚೆ ಇಟ್ಟಿದ್ದೇವೆ ಅನ್ನುವವರ ಮಾತನ್ನು ನಾವು ಕೇಳುತ್ತಲೇ ಬೆಳೆದಿದ್ದೇವೆ. ಬಾವಿ ಮುಟ್ಟಗೊಡದೆ ಊರಾಚೆ ಇಟ್ಟದ್ದರಿಂದ ಕೊಳಕಾಯಿತೋ, ಕೊಳಕಾಗಿದ್ದರಿಂದ ಊರಾಚೆ ಇಟ್ಟರೋ? ಓದಿಲ್ಲ, ಅದಕ್ಕೇ ಜೀತ ಅನ್ನುತ್ತಾರೆ. ಜೀತವಿತ್ತು, ಅದಕ್ಕೇ ಓದಲಿಲ್ಲ. ಫಲವನ್ನೇ ಕಾರಣ ಅಂತ ತೋರಿಸುವುದು ಲಿಂಡ್ಲಿಯ ತಪ್ಪು. ಅವನು ತಿಳಿಯದೆ ಮಾಡಿದ. ತಿಳಿದೂ ಮಾಡುವವರು ನಮ್ಮ ನಡುವೆ ಇದ್ದಾರೆ.

ಗಡ್ಡೆ ಕೊಳೆತದ್ದಕ್ಕೆ ಡಿ ಬಾರಿಯ ಉತ್ತರ ಸಾಕು. ಜನ ಸತ್ತದ್ದಕ್ಕೆ ಅದು ಸಾಲದು. ಅದೇ ರೋಗ ಬೆಲ್ಜಿಯಂ, ಹಾಲೆಂಡ್, ಜರ್ಮನಿಗಳಿಗೂ ಬಂದಿತ್ತು. ಅಲ್ಲೂ ಬಡವರು ಸತ್ತರು. ಐರ್ಲೆಂಡಿನಲ್ಲಿ ಸತ್ತಷ್ಟು ಎಲ್ಲೂ ಸಾಯಲಿಲ್ಲ.

ಜನ ಹಸಿದು ಕೂತಿದ್ದಾಗಲೂ ಐರ್ಲೆಂಡಿನ ಬಂದರುಗಳಿಂದ ಓಟ್ಸ್, ಬೆಣ್ಣೆ, ದನಗಳು ಇಂಗ್ಲೆಂಡಿಗೆ ಹೋಗುತ್ತಿದ್ದವು. ವ್ಯಾಪಾರಕ್ಕೆ ಕೈ ಹಾಕಬಾರದು ಅನ್ನುವುದು ಸರ್ಕಾರದ ಧರ್ಮವಾಗಿತ್ತು. ಬರದ ಕಾಮಗಾರಿ ಅಂತ ರಸ್ತೆ ಮಾಡಿಸಿದರು. ಹೊಟ್ಟೆಯಲ್ಲಿ ಏನೂ ಇಲ್ಲದವರು ಕಲ್ಲು ಒಡೆದರು. 1847ರ ಬೇಸಿಗೆಯಲ್ಲಿ ಗಂಜಿ ಕೇಂದ್ರಗಳು ದಿನಕ್ಕೆ 30 ಲಕ್ಷದಷ್ಟು ಜನಕ್ಕೆ ಅಂಬಲಿ ಹಾಕಿದವು. ಮನಸ್ಸು ಮಾಡಿದರೆ ಉಣ್ಣಿಸಬಹುದು ಅಂತ ಅಲ್ಲೇ ಗೊತ್ತಾಯಿತು. ಅದೇ ವರ್ಷ ಅವನ್ನು ಮುಚ್ಚಿದರು. ಮೇಲೊಂದು ಕಾನೂನು ತಂದರು: ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಸರ್ಕಾರದ ನೆರವು ಇಲ್ಲ. ನಮ್ಮ ಲೆಕ್ಕದಲ್ಲಿ 10 ಗುಂಟೆ. ನೆಲ ಬಿಟ್ಟುಕೊಡು, ಗಂಜಿ ತಗೋ. ಬಿಟ್ಟುಕೊಟ್ಟವರ ಗುಡಿಸಲನ್ನು ಧಣಿಗಳು ಕೆಡವಿಸಿದರು.

ನೆರವಿನ ಕೀಲಿಕೈ ಇದ್ದದ್ದು ಲಂಡನ್ನಿನ ಖಜಾನೆ ಇಲಾಖೆಯ ಚಾರ್ಲ್ಸ್ ಟ್ರೆವೆಲ್ಯಾನ್ ಕೈಯಲ್ಲಿ. ಇದು ದೈವಸಂಕಲ್ಪ, ಐರಿಷ್ ಸಮಾಜದ ಹಳೆಯ ಜಾಡ್ಯಕ್ಕೆ ಬಂದ ಮದ್ದು ಎನ್ನುವ ಅರ್ಥದಲ್ಲಿ ಅವನು 1848ರಲ್ಲಿ ಪುಸ್ತಕವನ್ನೇ ಬರೆದ. ಅವನಿಗೆ ಪದವಿ ಕೊಟ್ಟು ಗೌರವಿಸಿದರು. 1859ರಲ್ಲಿ ಮದ್ರಾಸಿನ ಗವರ್ನರಾಗಿ ಬಂದವನೂ ಇವನೇ. ನಮ್ಮ ಬಳ್ಳಾರಿ, ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ದೈವಸಂಕಲ್ಪ ಅನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಹೆಸರಿದೆ, ಕರ್ಮ. ಅದನ್ನು ಹೇಳುವವನು ಯಾವ ದೇಶದಲ್ಲೂ ಹಸಿದಿರುವುದಿಲ್ಲ.

1841ರ ಜನಗಣತಿಯಲ್ಲಿ ಐರ್ಲೆಂಡಿನ ಜನ ಸುಮಾರು 82 ಲಕ್ಷ. 1851ರಲ್ಲಿ ಸುಮಾರು 65 ಲಕ್ಷ. ಹತ್ತು ಲಕ್ಷದಷ್ಟು ಮಂದಿ ಹಸಿವಿನಿಂದ, ಹಸಿವಿನ ಹಿಂದೆ ಬಂದ ಜ್ವರಗಳಿಂದ ಸತ್ತರು. ಇನ್ನು ಹತ್ತು ಲಕ್ಷಕ್ಕೂ ಮೇಲೆ ಹಡಗು ಹತ್ತಿ ದೇಶ ಬಿಟ್ಟರು.

ಇದು ಬಿಳಿಯರ ದೇಶದ ಕಥೆ, ನಮಗೇನು ಅನ್ನಬೇಡಿ. ನೂರು ವರ್ಷ ಕಳೆಯುವುದರೊಳಗೆ ಬಂಗಾಳದಲ್ಲಿ ಇದೇ ನಡೆಯಿತು. 1942ರ ಅಕ್ಟೋಬರಿನಲ್ಲಿ ಚಂಡಮಾರುತ ಬಡಿಯಿತು. ಅದೇ ಹಂಗಾಮಿನ ಭತ್ತಕ್ಕೆ ಕಂದು ಚುಕ್ಕೆ ರೋಗ ಬಿತ್ತು. ಅದಕ್ಕೂ ಒಂದು ಶಿಲೀಂಧ್ರವೇ ಕಾರಣ. ಸಾರ ಕಳಕೊಂಡ ಮಣ್ಣಿನಲ್ಲಿ, ಹೊಟ್ಟೆಗಿಲ್ಲದ ಪೈರಿಗೆ ಅದು ಹೆಚ್ಚು ಬೀಳುತ್ತದೆ. 1943ರಲ್ಲಿ ಕ್ಷಾಮ ಬಂತು. 30 ಲಕ್ಷದಷ್ಟು ಜನ ಸತ್ತರು ಅನ್ನುತ್ತಾರೆ. ಸಸ್ಯರೋಗ ವಿಜ್ಞಾನಿ ಪದ್ಮನಾಭನ್ 1973ರಲ್ಲಿ, ಈ ರೋಗವೇ ಕ್ಷಾಮದ ಮುಖ್ಯ ಕಾರಣ ಅಂತ ಬರೆದರು. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ, ಅಕ್ಕಿ ಅಷ್ಟೊಂದು ಕಡಿಮೆ ಇರಲಿಲ್ಲ, ಕೊಳ್ಳುವ ಶಕ್ತಿ ಇಲ್ಲದವರು ಸತ್ತರು ಅಂತ ವಾದಿಸಿದರು. ಯುದ್ಧದ ನೆಪದಲ್ಲಿ ಸರ್ಕಾರ ಹಳ್ಳಿಗಳ ದೋಣಿಗಳನ್ನು ಕಸಿದಿತ್ತು. ಅಕ್ಕಿಯ ಬೆಲೆ ಕೂಲಿಯವನ ಕೈಗೆ ಸಿಕ್ಕದಷ್ಟು ಏರಿತ್ತು. ಭತ್ತದ ರೋಗ ಪತ್ತೆ ಹಚ್ಚಲು ಪದ್ಮನಾಭನ್ ಬೇಕು. ಸತ್ತವರಲ್ಲಿ ಭೂಮಿಯಿಲ್ಲದ ಕೂಲಿಗಳು, ಮೀನು ಹಿಡಿಯುವವರೇ ಯಾಕೆ ಹೆಚ್ಚು ಅಂತ ತಿಳಿಯಲು ಸೇನ್ ಬೇಕು. ನಾವು ಇಬ್ಬರನ್ನೂ ಓದಬೇಕು.

ನಮ್ಮ ಮಲೆನಾಡಿಗೆ ಬರೋಣ. ಅಡಿಕೆಯ ಕೊಳೆಗೆ ಕಾರಣ ಐರ್ಲೆಂಡಿನ ಬೂಷ್ಟಿನ ಜಾತಿಗೇ ಸೇರಿದ ಇನ್ನೊಂದು ಫೈಟಾಫ್ತೊರಾ. ಕೆನಡಾದಿಂದ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯಲು ಕಲಿಸಿದ. ಆ ಔಷಧಿ ಹುಟ್ಟಿದ ಬಗೆಯೂ ತಿಳಿಯಬೇಕಾದದ್ದೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಅಂತ ತೋಟದವರು ದಾರಿಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚಿ ಹೆದರಿಸುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಬರಲಿಲ್ಲ ಎಂಬುದನ್ನು ಮಿಲಾರ್ಡೆ ಕಂಡ, 1885ರಲ್ಲಿ ಪ್ರಕಟಿಸಿದ. ಐರ್ಲೆಂಡಿನಲ್ಲಿ ಅಷ್ಟು ಜನ ಸತ್ತು ನಲವತ್ತು ವರ್ಷ ಆಗಿತ್ತು.

ಕೋಲ್ಮನ್ನನ ಕೆಲಸ ದೊಡ್ಡದು. ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೂ ಮುಂಚೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆದವರು ಯಾರು? ಈ ಹೊತ್ತಿಗೂ ಆಷಾಢದ ಮಳೆಯಲ್ಲಿ, ಪಾಚಿ ಕಟ್ಟಿ ಜಾರುವ ಮರ ಹತ್ತಿ, ತುದಿಯಲ್ಲಿ ಜೋತು, ಮೈಯೆಲ್ಲ ತುತ್ತ-ಸುಣ್ಣ ಸುರಿಸಿಕೊಂಡು ಔಷಧಿ ಹೊಡೆಯುವ ಕೊನೆಗಾರ ತೋಟದ ಒಡೆಯನಲ್ಲ. ಅಡಿಕೆ ಉಳಿದ ಚರಿತ್ರೆ ಬರೆಯುವಾಗ ಅವನನ್ನು ಬಿಡುವುದು ಸರಿಯಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ಗೆಳೆಯರಿಗೆ ನಾವು ಕೇಳುವುದು ಇಷ್ಟು. ಮಕ್ಕಳನ್ನು ಬೆಳಗಿನ ಮಂಜು ಆರುವ ಮೊದಲು ಹೊಲಕ್ಕೆ ಕರಕೊಂಡು ಹೋಗಿ. ಮಚ್ಚೆ ಬಿದ್ದ ಎಲೆಯನ್ನು ಮಗುಚಿ ತೋರಿಸಿ. ಅಂಗಮಾರಿಯಾದರೆ ಮಚ್ಚೆಯ ಅಂಚಿನಲ್ಲಿ, ಎಲೆಯ ಅಡಿಗೆ, ಬಿಳೀ ಬೂಷ್ಟು ನವಿರಾಗಿ ಕಾಣುತ್ತದೆ. ಇದು ಮಾರಿಯಲ್ಲ, ಇದಕ್ಕೆ ಕೋಣ ಬೇಡ, ಹೊರುವ ಹೆಗಲೂ ಬೇಡ ಅಂತ ಹೇಳಿ. ಆಮೇಲೆ ಅದೇ ಹೊಲದ ಬದುವಿನ ಮೇಲೆ ಕೂತು ಇನ್ನೊಂದು ಪ್ರಶ್ನೆ ಕೇಳಿ: ಈ ಹೊಲ ಯಾರದು? ಬೆಳೆ ಹೋದರೆ ಈ ವರ್ಷ ಊಟ ತಪ್ಪುವುದು ಯಾರಿಗೆ? ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ. ಅದನ್ನು ಪಾಠ ಅಂತ ಈವರೆಗೆ ಯಾರೂ ಅವರನ್ನು ಕೇಳಿಲ್ಲ.