ಒಂದೇ ಮೀನಿನ ಬೆನ್ನು ಹತ್ತಿದವರು: ಕಪಿಲೆಯ ಗಾಳದ ಕತೆ

ನಂಜನಗೂಡಿನ ಸೇತುವೆ ದಾಟಿ ಕಪಿಲೆಯ ದಡದಲ್ಲೇ ಒಂದಿಷ್ಟು ದೂರ ಕೆಳಕ್ಕೆ ನಡೆದರೆ ಗಾಳ ಹಾಕಿ ಕೂತವರು ಸಿಗುತ್ತಾರೆ. ಕೈಯಲ್ಲಿ ಬಿದಿರ ಕೋಲು, ಮಗ್ಗುಲಲ್ಲಿ ಎರೆಹುಳು ತುಂಬಿದ ಡಬ್ಬಿ, ಮೀನು ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ. ಕಳೆದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದಾಗ ವಯಸ್ಸಾದ ಒಬ್ಬರನ್ನು ಮಾತಿಗೆಳೆದೆವು. ‘ಯಜಮಾನ್ರೇ, ನೀವು ಯಾವ ಮೀನಿಗೆ ಅಂತ ಗಾಳ ಹಾಕ್ತೀರಿ?’ ಎಂದು ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು. ‘ಹೊಳೆ ಏನ್ ಕೊಟ್ಟದೋ ಅದೇ ಕನಪ್ಪ. ಆರ್ಸಕ್ಕೆ ಇದೇನು ಸಂತೆಯಾ?’

ನಾವು ಆ ಪ್ರಶ್ನೆ ಕೇಳಿದ್ದಕ್ಕೆ ಕಾರಣವಿತ್ತು. ಇದೇ ಕಪಿಲೆಯಲ್ಲಿ, ಎಂದರೆ ಕಬಿನಿ ನದಿಯಲ್ಲಿ, 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು 120 ಪೌಂಡ್ ತೂಕದ ಒಂದು ಮೀನು ಹಿಡಿದರು. ನಮ್ಮ ಲೆಕ್ಕದಲ್ಲಿ ಅದು 54 ಕಿಲೋಗಿಂತ ಹೆಚ್ಚು, ಒಬ್ಬ ಆಳಿನ ತೂಕ. ಕಾವೇರಿ ಸೀಮೆಯಲ್ಲಿ ಬಿಳಿಮೀನು ಎಂದೂ ಕರೆಯುವ ಮಹಸೀರ್ ಅದು. ಗಾಳದಲ್ಲಿ ಬಿದ್ದ ಮಹಸೀರ್‌ಗಳ ಪೈಕಿ ಇದನ್ನೇ ದೊಡ್ಡದೆಂದು ಗಾಳಗಾರರು ಇವತ್ತಿಗೂ ಹೇಳುತ್ತಾರೆ. ಆ ಮೀನಿಗಾಗಿ ಸಮುದ್ರ ದಾಟಿ ಬಂದವರಿದ್ದಾರೆ, ಬೇರೆ ಮೀನು ಗಾಳಕ್ಕೆ ಸಿಕ್ಕರೆ ಮುಖ ಸಿಂಡರಿಸಿದವರಿದ್ದಾರೆ. ಹಾಗಾದರೆ ಗಾಳ ಹಾಕುವವನು ಒಂದೇ ಮೀನಿನ ಬೆನ್ನು ಹತ್ತುವುದು ಸರಿಯೋ, ಹತ್ತು ಮೀನನ್ನು ಬಲ್ಲವನಾಗಿರುವುದು ಸರಿಯೋ? ಹವ್ಯಾಸದವರ ಹರಟೆಯಂತೆ ಕೇಳಿಸುವ ಈ ಪ್ರಶ್ನೆಗೆ ಕಾವೇರಿ ಮತ್ತು ಕಪಿಲೆಯ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಗಾಳದ ಆಟ ಇಂಗ್ಲಿಷರು ಕಲಿಸಿದ್ದು ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಅದು ತಪ್ಪು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಅದರ ವಿಷಯ ಗಾಳ ಹಾಕಿ ಮೀನು ಹಿಡಿಯುವ ವಿನೋದ. ಕೋಲು, ದಾರ ಮತ್ತು ಕೊಕ್ಕೆ ಹೇಗಿರಬೇಕು, ಯಾವ ಮೀನಿಗೆ ಎಂಥ ಆಹಾರದ ಉಂಡೆ ಕಟ್ಟಬೇಕು ಎಂದೆಲ್ಲ ಅದರಲ್ಲಿ ವಿವರವಿದೆ. ಅಲ್ಲಿ ಹೆಸರಿಸಿರುವ ಮೀನುಗಳು ಸುಮಾರು 35. ಅವನ್ನು ಹುರುಪೆ ಇರುವುದು, ಇಲ್ಲದ್ದು ಎಂದೂ, ಸಮುದ್ರದ್ದು, ನದಿಯದ್ದು ಎಂದೂ, ದೊಡ್ಡದು, ಚಿಕ್ಕದು ಎಂದೂ ವಿಂಗಡಿಸಲಾಗಿದೆ. ರಾಜನಿಗೆ ಇದು ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ, ಆಟವೇ. ಆದರೂ ಆ ಆಟದ ಮೊದಲ ಪಾಠ ನೀರಿನಲ್ಲಿ ಏನೇನಿದೆ ಎಂಬುದನ್ನು ತಿಳಿಯುವುದಾಗಿತ್ತು. ಹತ್ತಾರು ಮೀನುಗಳ ತಿನಿಸು ಗೊತ್ತಿದ್ದವನೇ ಒಳ್ಳೆಯ ಗಾಳಗಾರ.

ಒಂದೇ ಮೀನಿನ ಮೋಹ ಬಂದದ್ದು ಅದಕ್ಕೆ ಏಳು ಶತಮಾನಗಳ ನಂತರ. ಮದ್ರಾಸ್ ಪ್ರಾಂತ್ಯದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದ ಎಚ್.ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಹೊರತಂದರು. ಅದು ಮೊದಲು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಇಂಗ್ಲಿಷರಿಗೆ ಗಾಳ ಎಂದರೆ ತಮ್ಮ ಊರಿನ ಸಾಲ್ಮನ್ ಮೀನು. ಅದನ್ನೂ ಮೀರಿಸಿ ಸೆಣಸುವ ಮೀನು ಭಾರತದ ಹೊಳೆಗಳಲ್ಲಿದೆ, ಅದೇ ಮಹಸೀರ್ ಎಂದು ಥಾಮಸ್ ಬರೆದರು. ಅವರ ಪುಸ್ತಕದಲ್ಲಿ ಬೇರೆ ಮೀನುಗಳ ಮಾತೂ ಇತ್ತು. ಆದರೆ ಓದಿದವರ ತಲೆಯಲ್ಲಿ ಉಳಿದದ್ದು ಒಂದೇ ಹೆಸರು.

ಅಲ್ಲಿಂದ ಮುಂದೆ ಕಾವೇರಿಯ ದಡದಲ್ಲಿ ಬಿಡಾರ ಹೂಡುವುದು ದೊರೆಗಳ, ಸೇನಾಧಿಕಾರಿಗಳ ಹವ್ಯಾಸವಾಯಿತು. ಆಮೇಲಿನ ದಿನಗಳಲ್ಲಿ ಕಾವೇರಿಯ ಮಹಸೀರ್‌ಗೆ ಕಟ್ಟುವ ಆಹಾರವೆಂದು ಹೆಸರಾದದ್ದು ನಮ್ಮ ರಾಗಿ. ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆಯನ್ನು ಕೊಕ್ಕೆಗೆ ಕಟ್ಟಿ ಮಡುವಿಗೆ ಎಸೆದು ಕಾಯುವುದು. ಅದನ್ನು ಕಟ್ಟಿಕೊಟ್ಟವರು, ಹರಿಗೋಲು ನಡೆಸಿದವರು, ಯಾವ ಬಂಡೆಯ ಕೆಳಗೆ ಮೀನಿದೆ ಎಂದು ತೋರಿಸಿದವರು ಹೊಳೆಯ ಪಕ್ಕದ ಊರುಗಳವರು. ದಾಖಲೆಗಳಲ್ಲಿ ಉಳಿದದ್ದು ಮಾತ್ರ ಕೋಲು ಹಿಡಿದವರ ಹೆಸರು ಮತ್ತು ಮೀನಿನ ತೂಕ.

ವ್ಯಾನ್ ಇಂಗೆನ್ ಕುಟುಂಬದ ಹೆಸರು ಮೈಸೂರಿನವರಿಗೆ ಗೊತ್ತಿರುವುದು ಬೇರೆ ಕಾರಣಕ್ಕೆ. ಬೇಟೆಯಾಡಿದ ಹುಲಿ ಚಿರತೆಗಳ ಚರ್ಮ ಹದಮಾಡಿ, ಜೀವ ಇರುವಂತೆ ನಿಲ್ಲಿಸಿಕೊಡುತ್ತಿದ್ದ ಅವರ ಕಾರ್ಖಾನೆಗೆ ದೇಶವಿಡೀ ಗಿರಾಕಿಗಳಿದ್ದರು. ಪ್ರಾಣಿಯ ಒಂದೊಂದು ಸ್ನಾಯುವನ್ನೂ ಬಲ್ಲ ಮನೆತನ ಅದು. ಅಂಥವರ ಕೈಗೆ ಬಂದ ಮೀನಿಗೂ ‘ಕಾವೇರಿಯ ಗೂನು ಬೆನ್ನಿನ ಮಹಸೀರ್’ ಎಂಬುದಕ್ಕಿಂತ ಖಚಿತವಾದ ಹೆಸರಿರಲಿಲ್ಲ. ಇದು ನೆನಪಿರಲಿ, ಮುಂದೆ ಇದೇ ಮುಖ್ಯವಾಗುತ್ತದೆ.

ಸ್ವಾತಂತ್ರ್ಯ ಬಂತು, ಸಾಹೇಬರು ಹೋದರು. ಕಾವೇರಿಗೆ ಕನ್ನಂಬಾಡಿ ಕಟ್ಟೆ ಮೊದಲೇ ಇತ್ತು. 1974ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟೂ ಮುಗಿಯಿತು. ನಂಜನಗೂಡಿನತ್ತ ಹರಿಯುವ ನೀರು ಎಷ್ಟು, ಯಾವಾಗ ಎಂಬುದನ್ನು ತೂಬು ತೀರ್ಮಾನಿಸತೊಡಗಿತು. ಹೊಳೆಗೆ ಸಿಡಿಮದ್ದು ಎಸೆದು ಮೀನು ಹಿಡಿಯುವ ಚಾಳಿಯೂ ಹಬ್ಬಿತು. ದೊಡ್ಡ ಮಹಸೀರ್‌ಗಳ ಕಾಲ ಮುಗಿಯಿತು ಎಂದೇ ಹೊರಗಿನವರು ಅಂದುಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರಿಗೆ ಕಾವೇರಿಯಲ್ಲಿ ಮತ್ತೆ ಭಾರಿ ಮೀನುಗಳು ಸಿಕ್ಕವು, ಸುದ್ದಿ ಹೊರದೇಶಗಳಿಗೆ ಮುಟ್ಟಿತು.

ಇಲ್ಲಿಂದ ಒಂದೇ ಮೀನಿನ ಮೋಹದ ಒಳ್ಳೆಯ ಮುಖ ಕಾಣುತ್ತದೆ. ಅದನ್ನು ಹೇಳದೆ ಹೋದರೆ ಅನ್ಯಾಯವಾದೀತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಕಾವೇರಿಯ ಒಂದು ಭಾಗವನ್ನು ಕಾಯುವ ಹೊಣೆ ಹೊತ್ತಿತು. ಸಂಗಮವಾದ ತಿ. ನರಸೀಪುರ, ತಲಕಾಡು, ಶಿವನಸಮುದ್ರ ದಾಟಿ ಇನ್ನೂ ಕೆಳಗೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳದ ಶಿಬಿರಗಳನ್ನು ನಡೆಸಿತು. ಅಲ್ಲಿ ಹಿಡಿದ ಮೀನನ್ನು ತೂಕ ಮಾಡಿ, ಫೋಟೊ ತೆಗೆದು, ಜೀವಂತ ನೀರಿಗೆ ಬಿಡಬೇಕೆಂಬ ನಿಯಮ. ಹಳ್ಳಿಯ ಯುವಕರು ಕಾವಲುಗಾರರೂ ಮಾರ್ಗದರ್ಶಕರೂ ಆದರು. ಸಿಡಿಮದ್ದಿನವರು ಆ ಕಡೆ ಬರಲು ಹೆದರಿದರು. ಒಂದು ಮೀನನ್ನು ಪ್ರೀತಿಸಿದವರು ಆ ಮೀನಿನ ಹೊಳೆಯನ್ನೂ ಕಾಯುತ್ತಾರೆ ಎಂಬ ಮಾತಿಗೆ ಕಾವೇರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೊಳೆಯಲ್ಲಿ ಮಹಸೀರ್ ಹೆಚ್ಚಬೇಕು ಎಂಬ ಅದೇ ಪ್ರೀತಿಯಿಂದ ಇನ್ನೊಂದು ಕೆಲಸವೂ ನಡೆಯಿತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ತನ್ನ ಜಲಾಶಯದ ಪಕ್ಕದಲ್ಲಿ ಮಹಸೀರ್ ಮರಿ ಮಾಡುವ ಕೇಂದ್ರ ಕಟ್ಟಿತ್ತು. ಅಲ್ಲಿನ ಮರಿಗಳನ್ನು 1970ರ ದಶಕದಿಂದ ಕಾವೇರಿಗೂ ತಂದು ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಲೋನಾವಳದ ಮೀನು ನೀಲಿ ರೆಕ್ಕೆಯ ಮಹಸೀರ್. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆ ಕಡೆಯ, ಕೃಷ್ಣೆಗೆ ಸೇರುವ ಹೊಳೆಯಿಂದ ವಿವರಿಸಿ ಹೆಸರಿಟ್ಟ ಜಾತಿ ಅದು. ಕಾವೇರಿಯ ಮೀನಿನ ರೆಕ್ಕೆ ಕಿತ್ತಳೆ ಬಣ್ಣದ್ದು, ಬೆನ್ನಿನ ಮೇಲಿನ ರೆಕ್ಕೆಗೆ ಮುಂಚೆ ಗೂನಿನಂತೆ ಉಬ್ಬು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳಿಗೂ ವ್ಯತ್ಯಾಸ ಕಾಣುತ್ತದೆ. ಆದರೆ ಎರಡಕ್ಕೂ ಕರೆಯುವ ಹೆಸರು ಮಹಸೀರ್. ಒಂದು ಹೆಸರಿನ ಬೆನ್ನು ಹತ್ತಿದವರಿಗೆ ಅದರೊಳಗೆ ಎರಡು ಮೀನುಗಳಿವೆ ಎಂಬುದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

ಇದು ಬಯಲಾದದ್ದು ಗಾಳಗಾರರು ಬರೆದಿಟ್ಟ ಪುಸ್ತಕಗಳಿಂದಲೇ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವಿತ್ತು. ಒಟ್ಟು 23,620 ಗಂಟೆಗಳ ಗಾಳ, 6,161 ಮಹಸೀರ್. ಅತಿ ದೊಡ್ಡದು ಸುಮಾರು 47 ಕಿಲೋ. ಏಡ್ರಿಯನ್ ಪಿಂಡರ್ ಮತ್ತು ಅವರ ಜೊತೆಯ ಸಂಶೋಧಕರು ಈ ಲೆಕ್ಕವನ್ನು ಪರಿಶೀಲಿಸಿದರು. ಮೇಲ್ನೋಟಕ್ಕೆ ಸುದ್ದಿ ಸಂತೋಷದ್ದು. ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಜಾತಿವಾರು ಬಿಡಿಸಿ ನೋಡಿದಾಗ ಎದೆ ಒಡೆಯುವ ಚಿತ್ರ ಸಿಕ್ಕಿತು. ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನು ಬೆನ್ನಿನದು ಇಳಿಯುತ್ತಾ ಹೋಗಿತ್ತು. ಕೊನೆಕೊನೆಗೆ ಸಿಕ್ಕ ಗೂನು ಬೆನ್ನಿನವು ಹೆಚ್ಚಾಗಿ ದೊಡ್ಡ ಮೀನುಗಳೇ. ಎಳೆಯವು ಕಾಣುತ್ತಲೇ ಇರಲಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಮಾತ್ರ ಉಳಿದು ತೊಟ್ಟಿಲು ಬರಿದಾದ ಹಾಗೆ.

ಈ ಕುಸಿತಕ್ಕೆ ಹೊರಗಿನ ಮರಿಯೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು, ಕೊಳಚೆ ಎಲ್ಲವೂ ಸೇರಿವೆ. ಆದರೆ ಕುಸಿತ ಇಷ್ಟು ವರ್ಷ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಒಂದೇ ಹೆಸರಿನ ಮೋಹವೇ ಕಾರಣ. ‘ಮಹಸೀರ್ ಚೆನ್ನಾಗಿ ಸಿಗ್ತಿದೆ’ ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

ಇನ್ನೂ ವಿಚಿತ್ರವೆಂದರೆ, ಗೂನು ಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಖಚಿತವಾದ ಹೆಸರು ಸಿಕ್ಕಿದ್ದು 2018ರಲ್ಲಿ. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳಿಗೆ ಅದಕ್ಕೂ ಕೆಲವು ವರ್ಷ ಮೊದಲು ಕುರುಪ್ ಮತ್ತು ರಾಧಾಕೃಷ್ಣನ್ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರದು. ಮೋಯಾರ್ ಹೊಳೆಯಲ್ಲಿ ಉಳಿದುಕೊಂಡಿದ್ದ ಗೂನು ಬೆನ್ನಿನ ಮೀನುಗಳನ್ನು ಹೋಲಿಸಿ ನೋಡಿದಾಗ ಎರಡೂ ಒಂದೇ ಎಂದು ತಿಳಿಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಹುಲಿಗಿಂತಲೂ ಹೆಚ್ಚು ಅಪಾಯದ ವರ್ಗ ಅದು. ಥಾಮಸ್ ಪುಸ್ತಕದಿಂದ ಲೆಕ್ಕ ಹಾಕಿದರೆ 145 ವರ್ಷ. ಅಷ್ಟು ಕಾಲ ಜನ ಆ ಮೀನನ್ನು ತೂಗಿದರು, ಅದರೊಡನೆ ಫೋಟೊ ತೆಗೆಸಿಕೊಂಡರು, ಗೋಡೆಗೆ ತೂಗುಹಾಕಿದರು. ಅದು ಯಾವುದೆಂದು ತಿಳಿಯುವ ಹೊತ್ತಿಗೆ ಅದು ಹೋಗುತ್ತಿತ್ತು.

2012ರಲ್ಲಿ ವನ್ಯಜೀವಿ ಕಾನೂನಿನ ಕಾರಣಕ್ಕೆ ಕಾವೇರಿ ಅಭಯಾರಣ್ಯದ ಗಾಳದ ಶಿಬಿರಗಳು ನಿಂತವು. ಅದರೊಂದಿಗೆ ಬರೆದಿಡುವ ಕೆಲಸವೂ ನಿಂತಿತು.

ಮತ್ತೆ ನಮ್ಮ ದಡಕ್ಕೆ ಬರೋಣ. ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕಲುಷಿತ ನದಿ ಭಾಗಗಳ ಪಟ್ಟಿಗೆ ಸೇರಿಸಿದೆ. ಇಲ್ಲಿ ಗಾಳಕ್ಕೆ ಬೀಳುವ ಜಿಲೇಬಿ ಮೀನು ಆಫ್ರಿಕಾದ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ತಿ. ನರಸೀಪುರದ ಮಾರುಕಟ್ಟೆಯಲ್ಲಿ ಕೂಗಿ ಮಾರುವ ಕಾಟ್ಲಾ, ರೋಹು ಗಂಗೆಯ ಕಡೆಯವು. ಹಾಗಾಗಿ ‘ಹೊಳೆ ಕೊಟ್ಟದ್ದೆಲ್ಲ ಸರಿ’ ಎನ್ನುವವರಿಗೂ ನಮ್ಮದೊಂದು ಮಾತಿದೆ. ಚೀಲದಲ್ಲಿ ನಾಲ್ಕು ಜಾತಿ ಇದ್ದ ಮಾತ್ರಕ್ಕೆ ಹೊಳೆ ಸುಖವಾಗಿದೆ ಎಂದಲ್ಲ. ಆ ನಾಲ್ಕರಲ್ಲಿ ಕಾವೇರಿಯಲ್ಲೇ ಹುಟ್ಟಿ ಬೆಳೆದ ಜಾತಿ ಎಷ್ಟು ಎಂಬುದನ್ನೂ ಕೇಳಬೇಕು. ಕರ್ನಾಟಕ ತನ್ನ ರಾಜ್ಯ ಮೀನೆಂದು ಆರಿಸಿಕೊಂಡಿರುವ ಕರ್ನಾಟಿಕ್ ಕಾರ್ಪ್ ಕೂಡ ಈ ನದಿಗಳದ್ದೇ. ಅದನ್ನು ಗುರುತಿಸಬಲ್ಲವರು ನಮ್ಮ ಓದುಗರಲ್ಲಿ ಎಷ್ಟು ಮಂದಿ ಇದ್ದಾರೆ? ಈ ಬರಹಕ್ಕೆ ಕೂರುವ ಮುಂಚೆ ನಮ್ಮಲ್ಲೂ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ನಮ್ಮ ತೀರ್ಮಾನ ಹೀಗಿದೆ. ಮೆಚ್ಚಿನ ಮೀನು ಒಂದಿರಲಿ, ಅದರಿಂದ ಹೊಳೆಗೆ ಕಾವಲು ಸಿಗುತ್ತದೆ. ಆದರೆ ಗಾಳ ಹಾಕುವವನ ಅರಿವು ಸೋಮೇಶ್ವರನ ಪಟ್ಟಿಯಷ್ಟು ಅಗಲವಿರಬೇಕು. ಪಕ್ಕದ ಮೀನುಗಳು ಗೊತ್ತಿಲ್ಲದವನಿಗೆ ತನ್ನ ಮೆಚ್ಚಿನ ಮೀನೂ ಸರಿಯಾಗಿ ಗೊತ್ತಾಗುವುದಿಲ್ಲ. ನೀಲಿ ರೆಕ್ಕೆ ಬಂದು ಕಿತ್ತಳೆ ರೆಕ್ಕೆಯ ಜಾಗದಲ್ಲಿ ಕೂತರೂ ಅವನು ಖುಷಿಯಾಗೇ ಇರುತ್ತಾನೆ.

ನಂಜನಗೂಡಿನ ದಡದ ಆ ಯಜಮಾನರಿಗೆ ನಾವು ಫೋನಿನಲ್ಲಿ ಎರಡೂ ಮಹಸೀರ್‌ಗಳ ಚಿತ್ರ ತೋರಿಸಿದೆವು. ಅವರು ಕಣ್ಣು ಕಿರಿದು ಮಾಡಿ ನೋಡಿ, ಗೂನು ಬೆನ್ನಿನದರ ಮೇಲೆ ಬೆರಳಿಟ್ಟು, ‘ಇದ ನಾ ಹುಡುಗನಾಗಿದ್ದಾಗ ನೋಡಿದ್ದೆ’ ಎಂದರು. ಆಮೇಲೆ ಇನ್ನೊಂದನ್ನು ತೋರಿಸಿ, ‘ಇದು ಆಮ್ಯಾಕೆ ಬಂದುದ್ದು’ ಎಂದರು. ಅವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ನೀವು ಕಪಿಲೆಯಲ್ಲೋ ಕಾವೇರಿಯಲ್ಲೋ ಗಾಳ ಹಾಕುವವರಾದರೆ ಒಂದು ಹಳೆಯ ನೋಟ್‌ಬುಕ್ ಜೊತೆಗಿಟ್ಟುಕೊಳ್ಳಿ. ಸಿಕ್ಕ ಪ್ರತಿ ಮೀನಿನ ಹೆಸರು, ಅಳತೆ, ದಿನ, ಜಾಗ ಬರೆದಿಡಿ. ಬೆರಳುದ್ದದ್ದನ್ನೂ ಬಿಡಬೇಡಿ. ಗೂನು ಬೆನ್ನು, ಕಿತ್ತಳೆ ರೆಕ್ಕೆ ಕಂಡರೆ ಫೋಟೊ ತೆಗೆದು ಮೆಲ್ಲಗೆ ನೀರಿಗೆ ಬಿಡಿ, ನಮಗೂ ಒಂದು ಮಾತು ತಿಳಿಸಿ.